ಹನ್ನೊಂದು ಚೀಟಿ

ಆಗಸ್ಟ್ 28, ಗುರುವಾರ

ಬರೆಯುವುದು ನನ್ನ ಕೆಲಸವಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಅರವತ್ತೊಂಬತ್ತನೇ ವಯಸ್ಸಿನಲ್ಲಿ ನೋಟ್‌ಬುಕ್ ಕೊಟ್ಟು ಕೂರಿಸಿದರೆ ಏನಾಗಬೇಕೋ ಅದೇ ಆಗಿದೆ. ಅರ್ಧ ಗಂಟೆಯಿಂದ ತಾರೀಕು ಒಂದನ್ನೇ ಬರೆದುಕೊಂಡು ಕೂತಿದ್ದೇನೆ.

ಇದು ಹೃದಯದ ಡಾಕ್ಟರು ಹಚ್ಚಿದ ಕೆಲಸ. "ದಿನಾ ಬಿ.ಪಿ. ನೋಡಿ ಬರೀರಿ. ಯಾವಾಗ ಸಿಟ್ಟು ಬಂತು, ಯಾಕೆ ಬಂತು, ಅದನ್ನೂ ಬರೀರಿ" ಅಂದರು.

"ಅದನ್ನೆಲ್ಲ ಬರೆಯೋಕೆ ಒಂದು ಪುಸ್ತಕ ಸಾಲಲ್ಲ ಡಾಕ್ಟ್ರೇ" ಅಂದೆ.

"ಹಾಗಾದ್ರೆ ಎರಡು ತಗೊಳ್ಳಿ" ಅಂದರು. ಅವರು ತಮಾಷೆಗೆ ಹೇಳಿದ್ದು. ನನ್ನ ಹೆಂಡತಿ ಆಸ್ಪತ್ರೆಯಿಂದ ಹೊರಗೆ ಬಂದ ಕೂಡಲೇ ನಿಜವಾಗಿ ಎರಡು ಕೊಂಡಳು.

ಒಂದರಲ್ಲಿ ಅಂಕಿ ಬರೆಯುತ್ತೇನೆ, ಅದು ಡಾಕ್ಟರಿಗೆ. ಇದು ಯಾರಿಗೂ ಅಲ್ಲ. ಬಿ.ಪಿ. 178/102. ಸಿಟ್ಟು: ಡಾಕ್ಟರ ಮೇಲೆ ಒಂದು ಸಲ, ಬಸ್ಸಿನಲ್ಲಿ ನನ್ನ ಕಾಲು ತುಳಿದವನ ಮೇಲೆ ಒಂದು ಸಲ, ಈ ಪೆನ್ನಿನ ಮೇಲೆ ನಾಲ್ಕು ಸಲ.

ವಿಷಯ ಇಷ್ಟು. ಎದೆಯಲ್ಲಿ ಮೂರು ಕಡೆ ರಕ್ತನಾಳ ಕಟ್ಟಿಕೊಂಡಿದೆ. ಸೆಪ್ಟೆಂಬರ್ ಹತ್ತೊಂಬತ್ತಕ್ಕೆ ಆಪರೇಷನ್. ಎದೆ ತೆರೆದು, ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಕೆಲಸ ಮುಗಿದ ಮೇಲೆ ಮತ್ತೆ ಓಡಿಸುತ್ತಾರಂತೆ. ನಾನು ನಲವತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದವನು. ನಿಲ್ಲಿಸಿದ್ದೆಲ್ಲ ಮತ್ತೆ ಓಡುವುದಿಲ್ಲ ಅನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸಾಯುವುದಕ್ಕೆ ಹೆದರಿಕೆಯಾ ಅಂದರೆ, ಅಷ್ಟಿಲ್ಲ. ಸತ್ತ ಮೇಲಿನದಕ್ಕೆ ಇದೆ. ಪರಲೋಕದ ಬಾಗಿಲಲ್ಲಿ ನಿಂತಾಗ, ನಿನ್ನ ಹೆಸರು ಇಲ್ಲಿಲ್ಲ, ಹೋಗು ಅಂದುಬಿಟ್ಟರೆ? ನಲವತ್ತು ವರ್ಷದಿಂದ ಚರ್ಚಿಗೆ ಹೋಗುತ್ತಿದ್ದೇನೆ. ಯೇಸು ನನಗಾಗಿ ಸತ್ತು ಎದ್ದ ಅನ್ನುವುದನ್ನು ನಂಬುತ್ತೇನೆ. ಆದರೂ, ನಿನಗೆ ರಕ್ಷಣೆ ಸಿಕ್ಕಿದೆಯಾ ಎಂದು ಯಾರಾದರೂ ಎದುರು ನಿಂತು ಕೇಳಿದರೆ ಹೌದು ಅನ್ನಲು ಬಾಯಿ ಬರುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವವನಲ್ಲ ನಾನು.

ಹತ್ತೊಂಬತ್ತರೊಳಗೆ ಗೊತ್ತಾಗಬೇಕು. ಕೈ ನೋಯುತ್ತಿದೆ. ಸಾಕು.

ಆಗಸ್ಟ್ 30, ಶನಿವಾರ

ಬಿ.ಪಿ. 184/104. ಇದಕ್ಕೆ ಕಾರಣ ಹೊಸ ಪಾಸ್ಟರು.

ಅವರು ನಮ್ಮ ಚರ್ಚಿಗೆ ಬಂದು ನಾಲ್ಕು ತಿಂಗಳಾಗಿದೆ. ನನ್ನ ಮಗಳಿಗಿಂತ ಚಿಕ್ಕವರು. ಇವತ್ತು ಬೆಳಿಗ್ಗೆ ಮನೆಗೆ ಬಂದರು. ಹುಷಾರು ವಿಚಾರಿಸಿದರು, ಪ್ರಾರ್ಥನೆ ಮಾಡಿದರು. ಹೆಂಡತಿ ಚಹಾ ಕೊಟ್ಟಳು. ಆಮೇಲೆ ಕೇಳಿದರು, "ಅಂಕಲ್, ನಿಮ್ಮ ಮನೆತನದಲ್ಲಿ ನಿಮ್ಮದೇ ಹೆಸರಿನವರು ಎಷ್ಟು ಜನ ಇದಾರೆ?"

"ನಾನೊಬ್ಬನೇ."

"ಹಾಗಾದ್ರೆ ಇವರೆಲ್ಲ ಯಾರು?" ಅಂದು ಚೀಲದಿಂದ ಒಂದು ಕಟ್ಟು ತೆಗೆದು, ರಬ್ಬರ್ ಬಿಚ್ಚಿ, ಮೇಜಿನ ಮೇಲೆ ಇಸ್ಪೀಟು ಹಂಚುವ ಹಾಗೆ ಒಂದೊಂದಾಗಿ ಇಟ್ಟರು. ಹನ್ನೊಂದು ಚೀಟಿ.

ಈ ಚೀಟಿಯ ವಿಷಯ ಬರೆಯಬೇಕು. ವರ್ಷಕ್ಕೊಮ್ಮೆ ನಮ್ಮ ಚರ್ಚಿನಲ್ಲಿ ಮೂರು ದಿನದ ಕೂಟ ನಡೆಯುತ್ತದೆ. ಹೊರಗಿನಿಂದ ಪ್ರಸಂಗಿ ಬರುತ್ತಾರೆ. ಕೊನೆಯ ದಿನ ಅವರು, ಯೇಸುವಿಗೆ ಜೀವನ ಒಪ್ಪಿಸುವವರು ಎದ್ದು ಮುಂದೆ ಬನ್ನಿ ಎಂದು ಕರೆಯುತ್ತಾರೆ. ಮುಂದೆ ಹೋದವರಿಗೆ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಹೆಸರು, ವಿಳಾಸ ಬರೆದು, 'ನಾನು ಇಂದು ಯೇಸುವನ್ನು ನನ್ನ ರಕ್ಷಕನಾಗಿ ಸ್ವೀಕರಿಸಿದ್ದೇನೆ' ಎಂಬ ಸಾಲಿನ ಕೆಳಗೆ ಸಹಿ ಹಾಕಬೇಕು. ಜನ್ಮಕ್ಕೆ ಒಂದು ಸಲ ತುಂಬುವ ಚೀಟಿ ಅದು. ಚರ್ಚಿನ ಬೀರು ಖಾಲಿ ಮಾಡುವಾಗ ಹಳೇ ಚೀಟಿಗಳೆಲ್ಲ ಪಾಸ್ಟರಿಗೆ ಸಿಕ್ಕಿವೆ. ಒಂದೇ ಹೆಸರು, ಒಂದೇ ವಿಳಾಸ, ಒಂದೇ ಸೊಟ್ಟ ಅಕ್ಷರ.

ಬೆನ್ನು ಬೆವರಿತು. ಬೆವರಿದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ, ಕೂಗಿದೆ. "ಇನ್ನೊಬ್ಬರ ಚೀಟಿ ಓದೋದು ನಿಮ್ಮ ಕೆಲಸನಾ?"

"ಹೌದು ಅಂಕಲ್, ನನ್ನ ಕೆಲಸಾನೇ ಅದು."

"ಹಾಗಾದ್ರೆ ಆ ಕೆಲಸ ನಿಮ್ಮ ಆಫೀಸಲ್ಲಿ ಮಾಡಿ. ಇಲ್ಲಿ ಬೇಡ."

ಪಾಪ, ಚಹಾ ಅರ್ಧ ಬಿಟ್ಟು ಎದ್ದು ಹೋದರು. ನಾನು ಹೆಂಡತಿಯ ಕಡೆ ನೋಡದೆ ಕಿಟಕಿಯ ಕಡೆ ನೋಡಿದೆ. ಇಷ್ಟು ವರ್ಷ ಇವಳಿಗೆ ಗೊತ್ತಾಗಬಾರದು ಎಂದು ಎಷ್ಟು ಉಪಾಯ ಮಾಡಿದ್ದೆ. ಪ್ರಸಂಗಿ ಕರೆಯುವ ಹೊತ್ತಿಗೆ ಜನರೇಟರ್ ನೋಡಿ ಬರುತ್ತೇನೆ ಎಂದು ಏಳುತ್ತಿದ್ದೆ. ಪಕ್ಕದ ಓಣಿಯಿಂದ ಸುತ್ತಿ ಮುಂದೆ ಹೋಗುತ್ತಿದ್ದೆ.

ಅವಳು ಲೋಟ ಎತ್ತಿಕೊಂಡು ಹೇಳಿದಳು, "ಹನ್ನೊಂದಲ್ಲ. ಹದಿಮೂರು. ಎರಡು ವರ್ಷ ಟೈಲರಣ್ಣನ ಹತ್ರ ಚೀಟಿ ಮುಗಿದುಹೋಗಿತ್ತು." ಟೈಲರು ಅಂದರೆ ನನ್ನ ಹಳೇ ಸ್ನೇಹಿತ. ಕೂಟದಲ್ಲಿ ಚೀಟಿ ಹಂಚುವವನು ಅವನೇ.

"ನಿನಗೆ ಗೊತ್ತಿತ್ತಾ?"

"ಜನರೇಟರ್ ನೋಡೋಕೆ ಹೋದೋರು ಅತ್ತುಕೊಂಡು ಬರ್ತಾರಾ?"

"ಮತ್ತೆ ಯಾಕೆ ಕೇಳಲಿಲ್ಲ?"

"ಪ್ರತಿ ಸಲ ಹೋಗಿ ಬಂದ ಮೇಲೆ ಒಂದು ವಾರ ಮನೇಲಿ ಕೂಗಾಟ ಇರ್ತಿರಲಿಲ್ಲ. ನಾನ್ಯಾಕೆ ಕೇಳಿ ಕೆಡಿಸ್ಕೊಳ್ಳಿ" ಅಂದಳು.

ಸೆಪ್ಟೆಂಬರ್ 2, ಮಂಗಳವಾರ

ಆ ಚೀಟಿಗಳನ್ನು ಹರಿದು ಹಾಕಿಸಲೇಬೇಕು ಎಂದು ಚರ್ಚಿಗೆ ಹೋದೆ. ಹಿಂದಿನ ಕೋಣೆಯಲ್ಲಿ ಪಾಸ್ಟರು ಸ್ಟೂಲಿನ ಮೇಲೆ ನಿಂತು ಬೀರುವಿನ ನೆತ್ತಿಯ ಧೂಳು ಹೊಡೆಯುತ್ತಿದ್ದರು. ಸ್ಟೂಲಿನ ಒಂದು ಕಾಲು ಗಿಡ್ಡ.

"ಇಳೀರಿ. ಬಿದ್ದು ಸೊಂಟ ಮುರ್ಕೊಳ್ತೀರ" ಅಂದೆ. ಇಳಿದರು. ಬೈಯಲು ಹೋದವನು ಮೊದಲು ರಟ್ಟು ಮಡಿಚಿ ಸ್ಟೂಲಿನ ಕಾಲಿಗೆ ಕೊಡಬೇಕಾಯಿತು. ಅಲುಗಾಡುವುದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ.

"ಚೀಟಿ ಹರಿದು ಹಾಕಿ" ಅಂದೆ.

"ಹರೀತೀನಿ ಅಂಕಲ್. ಅದಕ್ಕೆ ಮುಂಚೆ ಒಂದು ಹೇಳಿ. ಹನ್ನೊಂದರಲ್ಲಿ ಯಾವುದು ಸುಳ್ಳು ಸಹಿ?"

"ಒಂದೂ ಅಲ್ಲ. ನಾನು ಸುಳ್ಳು ಸಹಿ ಹಾಕೋನಲ್ಲ."

"ಮತ್ತೆ ಮೊದಲನೇದು ಯಾಕೆ ಸಾಲಲಿಲ್ಲ?"

ಹೇಳಿದೆ. ಇಷ್ಟು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಆ ಧೂಳಿನ ಕೋಣೆಯಲ್ಲಿ ಹೇಳಿದೆ. ಪ್ರತಿ ಲಿಫ್ಟಿಗೂ ವರ್ಷಕ್ಕೊಂದು ಸಲ ತಪಾಸಣೆ ಆಗುತ್ತದೆ. ಇನ್ಸ್‌ಪೆಕ್ಟರ್ ಬಂದು ಹಗ್ಗ, ಬ್ರೇಕು, ಬಾಗಿಲು ಎಲ್ಲ ನೋಡಿ ಸಹಿ ಹಾಕುತ್ತಾನೆ. ಆ ಕಾಗದಕ್ಕೆ ಗಾಜು ಹಾಕಿ ಲಿಫ್ಟಿನೊಳಗೆ ತೂಗುಹಾಕುತ್ತೇವೆ. ವರ್ಷ ಕಳೆದರೆ ಅದು ಬರೀ ಕಾಗದ. ನಡುವೆ ಏನೆಲ್ಲ ಸವೆದಿರುತ್ತದೋ ಯಾರಿಗೆ ಗೊತ್ತು. ಹೋದ ವರ್ಷದ ಸಹಿಯ ಮೇಲೆ ಈ ವರ್ಷ ಲಿಫ್ಟ್ ಓಡಿಸಿದರೆ ತಪ್ಪು.

ನನಗೂ ಹಾಗೇ ಅನ್ನಿಸುತ್ತಿತ್ತು. ಒಂದು ವರ್ಷ ಆ ಇನ್ಸ್‌ಪೆಕ್ಟರನ ಫೈಲನ್ನೇ ಕಿತ್ತುಕೊಂಡು ಲಿಫ್ಟಿನ ಬಾವಿಗೆ ಎಸೆದಿದ್ದೆ. ಇನ್ನೊಂದು ವರ್ಷ ಷಡ್ಡಕನ ಶವಸಂಸ್ಕಾರದಲ್ಲಿ ಗಾಡಿ ನಿಲ್ಲಿಸುವ ಜಾಗಕ್ಕೆ ಜಗಳ ತೆಗೆದು, ಅಳುತ್ತಿದ್ದವರೂ ಅಳು ನಿಲ್ಲಿಸಿ ನೋಡುವ ಹಾಗೆ ಮಾಡಿದ್ದೆ. ಒಂದು ವರ್ಷ ಊಟದ ತಟ್ಟೆ ಗೋಡೆಗೆ ಬಡಿದಿದ್ದೆ. ಹೀಗೆ ಮಾಡುವವನು ರಕ್ಷಣೆ ಸಿಕ್ಕಿದವನು ಹೇಗಾಗುತ್ತಾನೆ? ಹೋದ ವರ್ಷದ್ದು ರದ್ದಾಯಿತು ಎಂದು ಲೆಕ್ಕ. ಮತ್ತೆ ಕೂಟ, ಮತ್ತೆ ಸಹಿ.

ಪಾಸ್ಟರು ತುಟಿ ಕಚ್ಚಿಕೊಂಡಿದ್ದರು.

"ನಗಬೇಡಿ."

"ನಗ್ತಿಲ್ಲ ಅಂಕಲ್."

"ನಗ್ತಿದೀರ."

"ಫೈಲ್ ಎಸೆದಿದ್ದಕ್ಕೆ ಮಾತ್ರ" ಅಂದರು. ಆಮೇಲೆ ಮುಖ ಗಂಭೀರ ಮಾಡಿಕೊಂಡು, "ನೋಡಿ, ಯೇಸುನ ಒಂದು ಲಿಫ್ಟ್ ಅಂದ್ಕೊಳ್ಳಿ. ನಾವು ಒಳಗೆ ನಿಂತ್ರೆ ಸಾಕು. ಆ ಒಂದು ಹಗ್ಗ..."

"ಯಾವ ಲಿಫ್ಟಿಗೂ ಒಂದೇ ಹಗ್ಗ ಇರಲ್ಲ. ನಾಲ್ಕೋ ಐದೋ ಇರುತ್ತೆ. ಭಾರ ಜಾಸ್ತಿ ಆದ್ರೆ ಲಿಫ್ಟೇ ಏಳಲ್ಲ. ಲಿಫ್ಟಿನ ಉದಾಹರಣೆ ಕೊಡಬೇಡಿ, ನಿಮಗೆ ಲಿಫ್ಟ್ ಗೊತ್ತಿಲ್ಲ."

"ಸರಿ, ಗೊತ್ತಿಲ್ಲ" ಎಂದು ಒಪ್ಪಿಕೊಂಡರು. ಅದು ನನಗೆ ಹಿಡಿಸಿತು. ಆಮೇಲೆ, "ಯೇಸು ಶಿಲುಬೆ ಮೇಲೆ ಮಾಡಿದ ಕೆಲಸ ಮುಗಿದಿದೆ ಅಂಕಲ್. ನೀವು ವರ್ಷಾ ವರ್ಷಾ ಬಿಚ್ಚಿ ನೋಡ್ತಿರೋದು ಅದನ್ನಲ್ಲ, ನಿಮ್ಮನ್ನ. ನಿಮ್ಮೊಳಗೆ ನೋಡಿದ್ರೆ ಸವೆದಿರೋದು ಸಿಕ್ಕೇ ಸಿಗುತ್ತೆ. ನನ್ನೊಳಗೂ ಸಿಗುತ್ತೆ" ಅಂದರು.

ಎದ್ದು ಬಂದೆ. ಚೀಟಿ ಹರಿದು ಹಾಕಿಸುವುದನ್ನು ಮರೆತೇ ಬಂದಿದ್ದೇನೆ ಎಂದು ಮನೆಯ ಮೆಟ್ಟಿಲ ಹತ್ತಿರ ನೆನಪಾಯಿತು.

ಸೆಪ್ಟೆಂಬರ್ 3, ಬುಧವಾರ

166/96. ಸಿಟ್ಟು ಮೂರು ಸಲ. ಬೇರೆ ಏನಿಲ್ಲ.

ಕುರಿ ಕುರುಬನನ್ನು ಹಿಡಿದುಕೊಂಡಿರುವುದಿಲ್ಲ, ಕುರುಬ ಕುರಿಯನ್ನು ಹಿಡಿದಿರುತ್ತಾನೆ ಎಂದು ಪಾಸ್ಟರು ಫೋನು ಮಾಡಿ ಹೇಳಿದರು. ಲಿಫ್ಟಿಗಿಂತ ವಾಸಿ. ಆದರೆ ಅವರಿಗೆ ಕುರಿಯೂ ಗೊತ್ತಿಲ್ಲ.

ಸೆಪ್ಟೆಂಬರ್ 6, ಶನಿವಾರ

ಇವತ್ತು ಮಗಳು ಬಂದಿದ್ದಳು. ದೊಡ್ಡ ಜಗಳವಾಯಿತು.

ಅವಳದು ಬೇಕರಿ. ಹಿಟ್ಟು ಕಲಸಿ ಕಲಸಿ ತೋಳು ನನ್ನ ತೋಳಿಗಿಂತ ಗಟ್ಟಿ. ಬಾಯಿ ಮಾತ್ರ ನನ್ನದೇ. ಬರುವಾಗ ಒಂದು ಚೀಲ ಬನ್ನು ತಂದು ಮೇಜಿನ ಮೇಲಿಟ್ಟು, ಕೂರುವ ಮೊದಲೇ ಶುರು ಮಾಡಿದಳು.

"ಆಪರೇಷನ್ ಆದ್ಮೇಲೆ ನೀನು, ಅಮ್ಮ ಇಬ್ಬರೂ ನಮ್ಮನೆಗೆ ಬರ್ತೀರ. ಆರು ವಾರ. ನಮ್ಮದು ನೆಲದ ಮನೆ. ಇಲ್ಲಿ ನಾಲ್ಕನೇ ಮಹಡಿ, ಲಿಫ್ಟ್ ದಿನ ಬಿಟ್ಟು ದಿನ ಕೆಡುತ್ತೆ."

"ಆ ಲಿಫ್ಟ್ ನಾನೇ ಸರಿ ಮಾಡ್ಕೊಳ್ತೀನಿ."

"ಎದೆ ಹೊಲಿಗೆ ಹಾಕಿಸ್ಕೊಂಡು ಸ್ಪ್ಯಾನರ್ ಹಿಡೀತೀಯಾ? ಮಂಚ ತಂದಾಯ್ತು ಅಪ್ಪ."

"ಯಾರನ್ನ ಕೇಳಿ ತಂದೆ?"

"ನಿನ್ನ ಕೇಳಿದ್ರೆ ಹೂಂ ಅಂತಿದ್ಯಾ?"

ಅಲ್ಲಿಂದ ಏರಿತು. ನಾನು ಅವಳ ಮನೆಗೆ ಹೊರೆಯಾಗುವವನಲ್ಲ ಎಂದೆ. ಹೊರೆ ಅನ್ನುವ ಮಾತು ಆಡಿದ್ದಕ್ಕೆ ಅವಳಿಗೆ ರೇಗಿತು. ಮನೆಯಲ್ಲಿ ಯಜಮಾನ ಯಾರು ಎಂದೆ. ಎದೆ ಕೆಟ್ಟವನು ಯಜಮಾನನಲ್ಲ, ರೋಗಿ ಎಂದಳು. ಆಗ ನನ್ನ ಬಾಯಿಂದ ಬಂತು, "ನೀನು ನನ್ನ ಮಗಳೇ ಅಲ್ಲ. ಎದ್ದು ಹೋಗು."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಹೆಂಡತಿ ಕಿವಿಗೊಟ್ಟಿದ್ದಾಳೆ ಎಂದರ್ಥ.

ಮಗಳು ಏಳಲಿಲ್ಲ. ಚಪ್ಪಲಿ ಕಳಚಿ ಕಾಲು ಮೇಲೆ ಮಡಿಚಿಕೊಂಡು ಸರಿಯಾಗಿ ಕೂತಳು. ಒಂದು ಬನ್ನು ಮುರಿದು ಬಾಯಿಗೆ ಹಾಕಿಕೊಂಡಳು.

"ಇದು ಎಷ್ಟನೇ ಸಲ ಅಪ್ಪ? ಓದು ಬಿಟ್ಟು ಬೇಕರಿ ಇಡ್ತೀನಿ ಅಂದಾಗ ಒಂದು ಸಲ. ನಾನೇ ಹುಡುಗನ್ನ ನೋಡ್ಕೊಂಡಾಗ ಒಂದು ಸಲ. ನಿನ್ನ ಸ್ಕೂಟರ್ ಗೋಡೆಗೆ ಗುದ್ದಿದಾಗ ಒಂದು ಸಲ. ನನಗೆ ಒಂದು ಸಲಾನೂ ಹೆದರಿಕೆ ಆಗಿಲ್ಲ."

"ಯಾಕೆ ಆಗಿಲ್ಲ?" ನಾನು ಜಗಳಕ್ಕೇ ಕೇಳಿದ್ದು.

"ಯಾಕಾಗ್ಬೇಕು? ನಾನು ಚೆನ್ನಾಗಿ ನಡ್ಕೊಂಡೆ ಅಂತ ನೀನು ನನ್ನ ಮಗಳು ಮಾಡ್ಕೊಂಡ್ಯಾ? ಹುಟ್ಟಿದೀನಿ, ಆಯ್ತು. ಇನ್ನು ನೀನೂ ಏನೂ ಮಾಡೋಕಾಗಲ್ಲ, ನಾನೂ ಏನೂ ಮಾಡೋಕಾಗಲ್ಲ. ಬನ್ನು ತಿಂತೀಯಾ?"

ತಿಂದೆ. ಇನ್ನೇನು ಮಾಡಲಿ. ಇನ್ನೂ ಬೆಚ್ಚಗಿತ್ತು.

ಅವಳು ಹೋದ ಮೇಲೆ ಆ ಸ್ಕೂಟರಿನ ದಿನ ನೆನಪಾಯಿತು. ಅವಳಿಗೆ ಆಗ ಹದಿನಾರು. ನನ್ನನ್ನು ಕೇಳದೆ ಗಾಡಿ ತೆಗೆದುಕೊಂಡು ಹೋಗಿ ಗೋಡೆಗೆ ಗುದ್ದಿದ್ದಳು. ಇಡೀ ಬೀದಿಗೆ ಕೇಳುವ ಹಾಗೆ ಬೈದಿದ್ದೆ. ಬಾಯಿ ಬೈಯುತ್ತಿತ್ತು, ಕೈ ಮಾತ್ರ ಅವಳ ಮೊಣಕೈ ಹಿಡಿದು ಎಲುಬು ಮುರಿದಿದೆಯಾ ಎಂದು ನೋಡುತ್ತಿತ್ತು. ಮಗಳಲ್ಲ ಅಂತ ಎಷ್ಟು ಸಲ ಅಂದಿದ್ದೇನೋ. ಒಂದು ದಿನವೂ ಹಾಗೆ ಅನ್ನಿಸಿದ್ದಿಲ್ಲ. ಮಾರನೇ ದಿನ ಬಂದು ಮತ್ತೆ ಮಗಳಾಗಲು ಅರ್ಜಿ ಹಾಕು ಎಂದು ಕೇಳಿದ್ದೂ ಇಲ್ಲ. ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಹೊಸದಾಗಿ ಹುಟ್ಟಬೇಕು, ದೇವರ ಮಕ್ಕಳಾಗಬೇಕು. ಚರ್ಚಿನಲ್ಲಿ ನಲವತ್ತು ವರ್ಷ ಕೇಳಿದ್ದೇನೆ. ಹುಟ್ಟುವುದು ಅಂದರೆ ಒಂದು ಸಲ ಅನ್ನುವುದು ಹೊಳೆದೇ ಇರಲಿಲ್ಲ. ಹನ್ನೊಂದು ಸಲ ಯಾರು ಹುಟ್ಟುತ್ತಾರೆ?

ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡಿರುವ ನನ್ನಂಥ ಅಪ್ಪನಿಗೇ ಮಗಳನ್ನು ಬಿಡಲು ಆಗಲಿಲ್ಲ. ಹಾಗಿರುವಾಗ ಆತ

ಇಲ್ಲಿ ಬರೆಯುವುದು ನಿಲ್ಲಿಸಿ ಎದ್ದು ಹೋಗಿದ್ದೆ. ಕುರ್ಚಿಯ ಪಕ್ಕದಲ್ಲಿ ಮೊಣಕಾಲೂರಿದೆ. ಏನೂ ಕೇಳಲಿಲ್ಲ. ಪ್ರತಿ ಸಲ ಕೇಳುತ್ತಿದ್ದೆ, ನನ್ನನ್ನು ಸೇರಿಸಿಕೋ, ಸೇರಿಸಿಕೋ ಎಂದು. ಇವತ್ತು, "ಅಪ್ಪಾ, ಥ್ಯಾಂಕ್ಸ್" ಅಂದೆ. ಅಷ್ಟೇ ಬಂತು. ಏಳುವಾಗ ಮಂಡಿ ಹಿಡಿದುಕೊಂಡಿತು, ಹೆಂಡತಿ ಬಂದು ಎತ್ತಿದಳು.

"ಏನು ಬಿದ್ದುಹೋಯ್ತು?" ಎಂದು ಕುರ್ಚಿಯ ಕೆಳಗೆ ಹುಡುಕಿದಳು.

"ಏನೂ ಬೀಳಲ್ಲ ಬಿಡು" ಅಂದೆ.

ಬಿ.ಪಿ. ನೋಡಲು ಮರೆತೆ.

ಸೆಪ್ಟೆಂಬರ್ 7, ಭಾನುವಾರ

ಎದ್ದ ಕೂಡಲೇ ಎದೆ ಮುಟ್ಟಿ ನೋಡಿಕೊಂಡೆ. ಏನೋ ಕಟ್ಟಿಕೊಂಡಿದ್ದು ಈಗ ಇಲ್ಲ. ರಕ್ತನಾಳ ಮೂರೂ ಹಾಗೇ ಇವೆ, ಅದು ಬೇರೆ.

ಸ್ನಾನದ ಮನೆಯಲ್ಲಿ ಹಾಡಿದೆನಂತೆ. ನನಗೆ ಗೊತ್ತಿಲ್ಲ. ಹೆಂಡತಿ ಬಾಗಿಲು ತಟ್ಟಿ, "ರೀ, ಹುಷಾರಾಗಿದೀರಾ?" ಎಂದು ಕೇಳಿದ ಮೇಲೆ ಗೊತ್ತಾಯಿತು. ಚರ್ಚಿನಲ್ಲೂ ಹಾಡಿದೆ. ನನ್ನ ಗಂಟಲು ಎಂಥದ್ದು ಎಂದು ನನಗೆ ಗೊತ್ತಿದೆ, ಎಣ್ಣೆ ಕಾಣದ ಬಾಗಿಲು. ಮುಂದಿನ ಬೆಂಚಿನಲ್ಲಿದ್ದ ಟೈಲರು ಎರಡು ಸಲ ತಿರುಗಿ ನೋಡಿದ. ನೋಡಲಿ.

ಆರಾಧನೆ ಮುಗಿದ ಮೇಲೆ ಪಾಸ್ಟರ ಹತ್ತಿರ ಹೋಗಿ, "ಶನಿವಾರ ನಿಮ್ಮ ಚಹಾ ಅರ್ಧ ಉಳೀತು. ಬಂದು ಕುಡೀರಿ" ಅಂದೆ. ಅದು ಹೋದ ಶನಿವಾರದ ಹಿಂದಿನ ಶನಿವಾರ ಎಂದು ಹೆಂಡತಿ ತಿದ್ದಿದಳು.

ಸೆಪ್ಟೆಂಬರ್ 10, ಬುಧವಾರ

ನಮ್ಮ ಕಟ್ಟಡದ ಲಿಫ್ಟ್ ಮತ್ತೆ ನಿಂತಿತು. ರಿಪೇರಿಗೆ ಬಂದವನು ಬಾಗಿಲಿನ ಹಳಿಗೆ ಗ್ರೀಸ್ ಮೆತ್ತುತ್ತಿದ್ದ. ಹಳಿಗೆ ಗ್ರೀಸ್ ಹಚ್ಚಿದರೆ ಧೂಳು ಕೂತು ಮತ್ತೆ ಹಿಡಿದುಕೊಳ್ಳುತ್ತದೆ, ಇಷ್ಟು ಗೊತ್ತಿಲ್ಲದವನನ್ನು ಯಾರು ಕಳಿಸಿದರು. ಸರಿಯಾಗಿ ಬೈದೆ. ಅವನ ಕಂಪನಿಯನ್ನೂ ಬೈದೆ, ಅವನಿಗೆ ಕೆಲಸ ಕಲಿಸಿದವನನ್ನೂ ಬೈದೆ.

ಮೇಲೆ ಬಂದು ಕೂತು ಕಾದೆ. ಪ್ರತಿ ಸಲ ಬೈದ ಮೇಲೆ ಅದು ಬರುತ್ತದೆ. ಹೋಯಿತು, ರದ್ದಾಯಿತು, ಇನ್ನು ಮುಂದಿನ ಕೂಟದ ತನಕ ನಿನಗೆ ಜಾಗವಿಲ್ಲ ಅನ್ನುವ ಆ ಹೆದರಿಕೆ. ಕಾಲು ಗಂಟೆ ಕಾದೆ. ಬರಲಿಲ್ಲ. ನಾಚಿಕೆ ಬಂತು. ನಾಚಿಕೆ ಬೇರೆ, ಹೆದರಿಕೆ ಬೇರೆ ಎಂದು ಈಗ ತಿಳಿಯಿತು. ಹೆದರಿಕೆಯಾದಾಗ ನಾನು ಅಡಗಿಕೊಳ್ಳುತ್ತಿದ್ದೆ.

ನಾಲ್ಕು ಮಹಡಿ ಇಳಿದು ಹೋಗಿ, "ತಪ್ಪಾಯ್ತಪ್ಪ. ಹಾಗೆ ಮಾತಾಡಬಾರದಿತ್ತು" ಅಂದೆ. ಅವನು ಗಾಬರಿಯಾಗಿ ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟ. ಆಮೇಲೆ ಇಬ್ಬರೂ ಕೂತು ಹಳಿ ಒರೆಸಿದೆವು. ಕೆಲಸಗಾರನೇ, ಹೇಳಿಕೊಟ್ಟವರಿಲ್ಲ ಅಷ್ಟೆ.

ಮಗಳಿಗೆ ಫೋನು ಮಾಡಿ, ಮಂಚ ಕಿಟಕಿಯ ಪಕ್ಕಕ್ಕೆ ಹಾಕು ಎಂದೆ. "ಅಪ್ಪ, ನೀನೇನಾ ಮಾತಾಡ್ತಿರೋದು?" ಅಂದಳು.

ಸೆಪ್ಟೆಂಬರ್ 14, ಭಾನುವಾರ

ಕೂಟದ ಕೊನೆಯ ದಿನ. ಸಂಜೆ ಆರಕ್ಕೆ ಹಾಲ್ ತುಂಬಿತ್ತು, ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಪ್ರಸಂಗಿ ಒಳ್ಳೆಯ ಗಂಟಲಿನವರು. ಮುಗಿಸುವ ಹೊತ್ತಿಗೆ ದನಿ ಇಳಿಸಿ, ಯಾರು ಇವತ್ತು ಯೇಸುವಿನ ಬಳಿಗೆ ಬರುತ್ತೀರಿ, ಎದ್ದು ಬನ್ನಿ ಎಂದು ಕರೆದರು. ಹಿನ್ನೆಲೆಯಲ್ಲಿ ಸಣ್ಣಗೆ ಕೀಬೋರ್ಡ್.

ನನ್ನ ಕಾಲುಗಳು ತಾವಾಗಿಯೇ ಎದ್ದವು. ಅಭ್ಯಾಸ ಅಂದರೆ ಅಭ್ಯಾಸ. ಅರ್ಧ ಎದ್ದವನು ನೋಡುತ್ತೇನೆ, ಹೆಂಡತಿ ಆಗಲೇ ಮೊಣಕಾಲು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಿದ್ದಾಳೆ. "ಜನರೇಟರಾ?" ಎಂದು ಮೆಲ್ಲಗೆ ಕೇಳಿದಳು.

ಕೂತುಬಿಟ್ಟೆ.

ಅಷ್ಟರಲ್ಲಿ ಬೆಂಚುಗಳ ನಡುವಿನ ದಾರಿಯಲ್ಲಿ ಟೈಲರು ಬಂದ. ಕೈಯಲ್ಲಿ ಚೀಟಿ, ಪೆನ್ನು. ಬಗ್ಗಿ ನನ್ನ ಕಿವಿಯಲ್ಲಿ, "ನಿನ್ನ ಎದೆ ಸರಿಯಿಲ್ಲ, ಅಷ್ಟು ದೂರ ನಡೀಬೇಡ. ಹೆಸರು, ವಿಳಾಸ ಎಲ್ಲ ನಾನೇ ಬರ್ದಿದೀನಿ. ಸಹಿ ಒಂದು ಹಾಕು" ಅಂದ.

"ಬೇಡ."

"ಯಾಕೆ, ಸುಸ್ತಾಗ್ತಿದೆಯಾ?"

"ಇಲ್ಲ ಮಾರಾಯ. ಇದೆ."

"ಏನಿದೆ?"

"ನೀನು ಕೊಡೋಕೆ ಬಂದಿದ್ದು. ಆಗಲೇ ಇದೆ. ಮೊದಲನೇ ಸಲಾನೇ ಸಿಕ್ಕಿತ್ತು ಅಂತ ಕಾಣುತ್ತೆ. ನಾನೇ ನೋಡ್ಕೊಂಡಿರಲಿಲ್ಲ."

ಅವನು ಬಾಯಿ ತೆರೆದುಕೊಂಡು ನಿಂತ. ಆ ಮುಖ, ಅವನ ಕೈಯಲ್ಲಿ ನನ್ನ ಹೆಸರು ಬರೆದ ಹನ್ನೆರಡನೇ ಚೀಟಿ, ಇನ್ನೂ ಪಕ್ಕಕ್ಕೆ ಸರಿದೇ ಇದ್ದ ನನ್ನ ಹೆಂಡತಿಯ ಮೊಣಕಾಲು. ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಹೊಟ್ಟೆಯಿಂದ ಬಂತು. ಮುಂದಿನ ನಾಲ್ಕು ಸಾಲು ತಿರುಗಿ ನೋಡಿತು. ಹೆಂಡತಿಗೂ ಹಿಡಿಯಿತು, ಕರ್ಚೀಫು ಬಾಯಿಗೆ ಒತ್ತಿಕೊಂಡು ಅಲುಗಾಡುತ್ತಿದ್ದಳು. ವೇದಿಕೆಯಿಂದ ಪ್ರಸಂಗಿ ನಮ್ಮ ಕಡೆ ಕೈ ಚಾಚಿ, "ನೋಡಿ, ಅಲ್ಲಿ ಒಬ್ಬ ಹಿರಿಯರ ಮೇಲೆ ಪವಿತ್ರಾತ್ಮನ ಆನಂದ ಇಳಿದಿದೆ" ಅಂದರು.

ಅದೇನೂ ಸುಳ್ಳಲ್ಲ.

ಹೊರಗೆ ಬರುವಾಗ ಪಾಸ್ಟರು ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡರು. ಏನೂ ಕೇಳಲಿಲ್ಲ. ಕಲಿಯುತ್ತಿದ್ದಾರೆ.

ಸೆಪ್ಟೆಂಬರ್ 15, ಸೋಮವಾರ

ಮಧ್ಯಾಹ್ನ ಟೈಲರು ಬಂದ. ಆಪರೇಷನ್ ಆದ ಮೇಲೆ ಕೈ ಎತ್ತಲು ಆಗುವುದಿಲ್ಲವೆಂದು, ಮುಂದೆ ಪೂರ್ತಿ ತೆರೆಯುವ ಎರಡು ಸಡಿಲ ಅಂಗಿ ಹೊಲಿದು ತಂದಿದ್ದ. ನಾನು ಹೇಳಿರಲಿಲ್ಲ. ಗುಂಡಿಯ ಬದಲು ಕಟ್ಟಿಕೊಳ್ಳುವ ದಾರ ಇಟ್ಟಿದ್ದಾನೆ, ಮಲಗಿದಾಗ ಗುಂಡಿ ಗಾಯಕ್ಕೆ ಒತ್ತಬಾರದು ಎಂದು. ಅವನು ಅಂಥವನು. ನಲವತ್ತು ವರ್ಷದಲ್ಲಿ ಅವನು ದನಿ ಎತ್ತಿದ್ದು ಕೇಳಿಲ್ಲ.

ಅಳತೆ ನೋಡುವ ನೆಪದಲ್ಲಿ ನನ್ನ ಬೆನ್ನ ಹಿಂದೆ ನಿಂತು ಕೇಳಿದ, "ನಿನ್ನೆ ಹೇಳಿದ್ಯಲ್ಲ, ಇದೆ ಅಂತ. ಅದು ಹೇಗೆ ಗೊತ್ತಾಯ್ತು?"

ಹೇಳಿದೆ. ಮಗಳ ಜಗಳ, ಬನ್ನು, ಎಲ್ಲ. ಅವನು ಹೆಗಲಿನ ಹೊಲಿಗೆಯನ್ನು ಸುಮ್ಮನೆ ಸವರುತ್ತಿದ್ದ.

"ನಾನು ಮೂವತ್ತೆರಡು ವರ್ಷದಿಂದ ಚೀಟಿ ಹಂಚ್ತಿದೀನಿ. ಒಂದೂ ತುಂಬಿಲ್ಲ ಕಣೋ."

ನಾನು ತಿರುಗಿದೆ. "ಏನಂದೆ?"

"ಮೊದಲನೇ ವರ್ಷ ಎದ್ದು ಹೋಗೋಣ ಅನ್ನಿಸ್ತು. ಕೈತುಂಬ ಚೀಟಿ ಇತ್ತು, ಹಂಚೋರು ಬೇರೆ ಯಾರೂ ಇರಲಿಲ್ಲ. ಆಮೇಲೆ ಎಲ್ಲರೂ ನನ್ನ ಹಳಬ ಅಂದ್ಕೊಂಡ್ರು. ಹಳಬ ಎದ್ದು ಮುಂದೆ ಹೋದ್ರೆ ನೋಡಿದೋರು ಏನಂತಾರೆ? ನೀನು ವರ್ಷಾ ವರ್ಷಾ ಎದ್ದು ಹೋಗ್ತಿದ್ಯಲ್ಲ, ನನಗೆ ಹೊಟ್ಟೆಕಿಚ್ಚಾಗ್ತಿತ್ತು."

ನಾನು ಹೆಚ್ಚು ಸಲ ತುಂಬಿದವನು, ಅವನು ಒಂದೂ ತುಂಬದವನು. ಇಷ್ಟು ವರ್ಷ ಒಬ್ಬರಿಗೊಬ್ಬರು ಪೆನ್ನು ಕೊಟ್ಟುಕೊಂಡು ನಿಂತಿದ್ದೇವೆ.

"ನನಗೇನಾದ್ರೂ ಆದ್ರೆ ಎಲ್ಲಿಗೆ ಹೋಗ್ತೀನೋ ಗೊತ್ತಿಲ್ಲ" ಎಂದ. "ಮೆಷಿನ್ ತುಳಿಯೋವಾಗೆಲ್ಲ ಅದೇ ಯೋಚನೆ."

ನನ್ನ ದನಿ ಏರಿತು. ಚೀಟಿ ಹಾಳಾಗಿ ಹೋಗಲಿ, ಚೀಟಿಯಿಂದ ಯಾರಿಗೆ ಏನು ಸಿಕ್ಕಿದೆ, ಆತ ಕರೆಯುತ್ತಿದ್ದಾನೆ, ಇಲ್ಲೇ ಈಗಲೇ ಹೂಂ ಅನ್ನು ಎಂದು ಕೂಗಿದೆ. ಅವನು ಅಳತೆಯ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. "ನೀನು ಆಪರೇಷನ್ ಮುಗಿಸ್ಕೊಂಡು ಬಾ. ಆಮೇಲೆ ನಿಧಾನಕ್ಕೆ ಮಾತಾಡೋಣ" ಎಂದು ಮೆಟ್ಟಿಲಿಳಿದು ಹೋದ.

"ನಿಮ್ಮ ಕೂಗಾಟಕ್ಕೆ ಯೇಸುನೂ ಓಡಿಹೋಗ್ಬೇಕು" ಎಂದಳು ಹೆಂಡತಿ. ಆಮೇಲೆ, "ಬರೆದು ಕೊಡಿ. ಬರೆಯೋವಾಗ ಕೂಗೋಕಾಗಲ್ಲ" ಅಂದಳು.

ಸೆಪ್ಟೆಂಬರ್ 16, ಮಂಗಳವಾರ

ಮೊದಲು ಇಲ್ಲಿ ಬರೆದು, ಆಮೇಲೆ ಬಿಳಿ ಹಾಳೆಗೆ ಇಳಿಸಿ, ಇವಳ ಕೈಯಲ್ಲಿ ಅವನ ಅಂಗಡಿಗೆ ಕಳಿಸಬೇಕು.

ಟೈಲರೇ,

ಅಂಗಿ ಸರಿಯಾಗಿದೆ. ಎಡಗೈ ಸ್ವಲ್ಪ ಉದ್ದ, ಇರಲಿ, ಮಡಿಚಿಕೊಳ್ಳುತ್ತೇನೆ.

ನಿನ್ನೆ ಕೂಗಿದ್ದು ತಪ್ಪು. ಹೇಳಿದ್ದು ತಪ್ಪಲ್ಲ. ಅದನ್ನೇ ಈಗ ಮೆತ್ತಗೆ ಬರೆಯುತ್ತಿದ್ದೇನೆ.

ನಾನು ಎಷ್ಟು ಕೆಟ್ಟ ಸಿಟ್ಟಿನವನು ಎಂದು ನಿನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಿನ್ನನ್ನೇ ಎಷ್ಟು ಸಲ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಬೈದಿದ್ದೇನೆ. ಅಂಥವನನ್ನು ಆತ ಬಿಟ್ಟಿಲ್ಲ. ನನ್ನ ಒಳ್ಳೆಯತನ ನೋಡಿ ಇಟ್ಟುಕೊಂಡಿದ್ದರೆ ಯಾವತ್ತೋ ಬಿಡುತ್ತಿದ್ದ. ನೀನು ಒಳ್ಳೆಯವನು, ಅದಕ್ಕೇ ನಿನಗೆ ಕಷ್ಟವಾಗಿದೆ. ಕೇಳಲು ನಾಚಿಕೆ. ಕೇಳಬೇಕಾದದ್ದು ಒಂದೇ ಸಲ. ನೋಡುವವರು ಏನಂತಾರೆ ಅನ್ನುತ್ತೀಯ. ನಾನು ಹದಿಮೂರು ಸಲ ಎದ್ದು ಹೋಗಿದ್ದೇನೆ, ಯಾರು ಏನಂದರು? ಹೆಂಡತಿ ಲೆಕ್ಕ ಇಟ್ಟಳು, ಅಷ್ಟೆ. ಎದ್ದು ಎಲ್ಲಿಗೂ ಹೋಗಬೇಕಿಲ್ಲ. ಮೆಷಿನ್ ಮುಂದೆ ಕೂತಿರುವ ಹಾಗೆಯೇ ಹೇಳು. ನನಗೆ ಹೇಳಬೇಡ, ಆತನಿಗೆ ಹೇಳು. ಹೇಳಿದೆ ಅನ್ನುವುದನ್ನು ಮಾತ್ರ ನನಗೆ ತಿಳಿಸು.

ಆಪರೇಷನ್ ಆದ ಮೇಲೆ ಮಾತಾಡೋಣ ಎಂದೆ. ಅದು ಆಗುವುದಿಲ್ಲ. ನನ್ನ ಹೃದಯವನ್ನು ಶುಕ್ರವಾರ ನಿಲ್ಲಿಸುತ್ತಾರೆ. ಮತ್ತೆ ಓಡಿದರೆ ಒಳ್ಳೆಯದು, ಮಗಳ ಮನೆಯಲ್ಲಿ ಕಿಟಕಿಯ ಪಕ್ಕ ಸಿಗುತ್ತೇನೆ, ಬಾ. ಓಡದಿದ್ದರೂ ನಾನು ಎಲ್ಲಿರುತ್ತೇನೆ ಎಂದು ನನಗೆ ಗೊತ್ತಿದೆ. ಇದನ್ನು ಬರೆಯುವಾಗ ಕೈ ನಡುಗುತ್ತಿಲ್ಲ, ಅಕ್ಷರ ನೋಡು. ನನಗೆ ಗೊತ್ತಿಲ್ಲದಿರುವುದು ಈಗ ಒಂದೇ, ನೀನೂ ಅಲ್ಲಿಗೆ ಬರುತ್ತೀಯೋ ಇಲ್ಲವೋ ಅನ್ನುವುದು. ಅದು ಗೊತ್ತಾಗದೆ ನಾನು ಆ ಮೇಜಿನ ಮೇಲೆ ಮಲಗುವುದಿಲ್ಲ.

ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸುತ್ತಾರೆ. ನಾಳೆ ಬುಧವಾರ, ಹದಿನೇಳನೇ ತಾರೀಕು, ಸಂಜೆ ಐದು ಗಂಟೆಯೊಳಗೆ ಹೌದೋ ಅಲ್ಲವೋ ಹೇಳು.